ಉಬ್ಬಕ್ಷರ ಉಳಿಯಬೇಕು

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ಬೈಕ್ ಇಟ್ಟುಕೊಂಡವರು ಊರೂರಲ್ಲಿ ಗಾಡಿ ಸಮೇತ ಸೇರುತ್ತಾರೆ. ಸಾಲಾಗಿ ನಿಂತ ಗಾಡಿಗಳನ್ನು ನೋಡುತ್ತ ಹೋಗುವಾಗ ನನ್ನ ಕಣ್ಣು ಟ್ಯಾಂಕಿನ ಮರೂನ್ ಬಣ್ಣಕ್ಕಿಂತ ಮೊದಲು ಎಂಜಿನ್ನಿನ ಎಡಗಡೆ ಕವರಿಗೆ ಹೋಗುತ್ತದೆ. ಮೊಟ್ಟೆಯಾಕಾರದ ಆ ಅಲ್ಯೂಮಿನಿಯಂ ಮುಚ್ಚಳ ದೂರದಿಂದ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಹತ್ತಿರ ಹೋಗಿ ಬಗ್ಗಿದರೆ ಸಂಕಟವಾಗುತ್ತದೆ. ಮಗು ನೆಕ್ಕಿಟ್ಟ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಉಬ್ಬಕ್ಷರಗಳ ಮೂಲೆ ಕರಗಿಹೋಗಿರುತ್ತದೆ. ಸ್ಕ್ರೂ ಕೂರುವ ತೂತುಗಳು ಉರುಟು ಕಳೆದುಕೊಂಡು ಒಂದು ಕಡೆಗೆ ಜಗ್ಗಿರುತ್ತವೆ.

ಹಳೆಯ ಬೈಕುಗಳ ಜೀರ್ಣೋದ್ಧಾರದಲ್ಲಿ ಪಾಲಿಶ್ ಕೆಲಸವನ್ನು ಬರೀ ಹೊಳಪಿನಿಂದ ಅಳೆಯುವ ರೂಢಿ ಬೆಳೆದಿದೆ. ಈ ಅಳತೆಯೇ ತಪ್ಪು. ಪಾಲಿಶ್ ಎಂದರೆ ಬಣ್ಣದ ಹಾಗೆ ಮೇಲೆ ಬಳಿಯುವುದಲ್ಲ, ಲೋಹವನ್ನು ತೆಗೆಯುವುದು. ತೆಗೆದದ್ದು ಮತ್ತೆ ಬಾರದು. ಆದ್ದರಿಂದ ಎಷ್ಟು ಹೊಳೆಯಿತು ಎನ್ನುವುದಕ್ಕಿಂತ ಎಷ್ಟು ಉಳಿಯಿತು ಎಂದು ಮೊದಲು ಕೇಳಬೇಕು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ಎರಕ ಹೊಯ್ದ ಕವರು ಇನ್ನು ಹೊಸದಾಗಿ ಹುಟ್ಟುವುದಿಲ್ಲ. ಮಾರುಕಟ್ಟೆಯ ನಕಲಿ ಕವರುಗಳಲ್ಲಿ ಆ ಗೆರೆಯ ಬಿಗಿ ಬರುವುದಿಲ್ಲ. ಜಾವಾದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದು ಎಡಗಡೆಗಿದೆ, ಹಾಗಾಗಿ ಆ ಕವರಿಗೆ ದಶಕಗಳ ಕಾಲ ಬೂಟು ತಾಗಿದೆ, ಗೀರು ಬಿದ್ದಿದೆ. ಅದನ್ನು ಸರಿಪಡಿಸಬಾರದು ಎನ್ನುವುದು ನನ್ನ ವಾದವಲ್ಲ. ಕಾರ್ಖಾನೆಯಿಂದಲೇ ಹೊಳೆಯುತ್ತ ಹೊರಬಂದ ಭಾಗ ಮಂಕಾಗಿ ಕೂತಿರುವುದು ನನಗೂ ಇಷ್ಟವಿಲ್ಲ.

ಅಲ್ಯೂಮಿನಿಯಂನ ಸ್ವಭಾವ ತಿಳಿದರೆ ಹಾಳಾಗುವ ಬಗೆಯೂ ತಿಳಿಯುತ್ತದೆ. ಅದು ಮೃದು ಲೋಹ, ಗಡಸುತನದ ಮೋಸ್ ಅಳತೆಯಲ್ಲಿ 3ಕ್ಕೂ ಕಡಿಮೆ. ಗಾಳಿ ಸೋಕಿದೊಡನೆ ಮೈಮೇಲೆ ಕೂರುವ ಅದರ ಆಕ್ಸೈಡ್ ಮಾತ್ರ ಅದೇ ಅಳತೆಯಲ್ಲಿ 9, ಎಮರಿ ಪೇಪರಿನಲ್ಲಿ ಉಜ್ಜುವ ಪುಡಿಯೂ ಮುಖ್ಯವಾಗಿ ಅದೇ. ಬಫಿಂಗ್ ಮೋಟರು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಅದಕ್ಕೆ 8 ಇಂಚಿನ ಬಟ್ಟೆಗಾಲಿ ಹಾಕಿದರೆ ಗಾಲಿಯ ಅಂಚು ಸೆಕೆಂಡಿಗೆ 30 ಮೀಟರಿನಷ್ಟು ಓಡುತ್ತದೆ. ಬಫಿಂಗ್ ಸೋಪು ಸವರಿದ ಆ ಗಾಲಿ ಸಮತಟ್ಟಾದ ಜಾಗದಲ್ಲಿ ಒಂದೇ ಸಮ ಕೆಲಸ ಮಾಡುತ್ತದೆ. ಅಂಚು, ಅಕ್ಷರ, ತೂತು ಸಿಕ್ಕರೆ ಅಲ್ಲಿ ಕಚ್ಚುತ್ತದೆ. ಒತ್ತಿದಷ್ಟೂ ಬಿಸಿಯೇರುತ್ತದೆ, ಮೃದುವಾದ ಮೈ ಎಳೆದ ಕಡೆಗೆ ಸರಿಯುತ್ತದೆ. ಎರಕದ ಸಣ್ಣ ರಂಧ್ರಗಳಿಂದ ಧೂಮಕೇತುವಿನ ಬಾಲದಂಥ ಗೆರೆ ಹೊರಡುವುದು ಹೀಗೆ. ಇದಕ್ಕಿಂತ ಕೆಟ್ಟದ್ದು ಗ್ಯಾಸ್ಕೆಟ್ ಕೂರುವ ಅಂಚು ದುಂಡಗಾಗುವುದು. ಆಮೇಲೆ ಎಷ್ಟು ಬಿಗಿ ಮಾಡಿದರೂ ಕವರಿನ ಸುತ್ತ ಎಣ್ಣೆ ಜಿನುಗುತ್ತದೆ.

ನನ್ನ ಗಾಡಿಯ ಬಲಗಡೆ ಕವರನ್ನು ಹೀಗೇ ಕಳೆದುಕೊಂಡೆ. ‘ಮುಖ ನೋಡ್ಕೋಬೋದು ಸಾರ್, ಹಂಗ್ ಮಾಡ್ಕೊಡ್ತೀನಿ’ ಅಂದ ಬಫಿಂಗ್ ಅಂಗಡಿಯವರು ಮಾತಿಗೆ ತಪ್ಪಲಿಲ್ಲ. ಸಂಜೆ ಹೋದಾಗ ಮುಖ ಕಂಡಿತು, ಅಕ್ಷರ ಕಾಣಲಿಲ್ಲ. ತಪ್ಪು ಅವರದಲ್ಲ, ನಾನು ಕೇಳಿದ್ದೇ ಅದನ್ನು. ದಿನವಿಡೀ ಕಪ್ಪು ಧೂಳಿನಲ್ಲಿ ನಿಂತು ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ನಿಧಾನ ಮಾಡಿ ಎಂದು ಹೇಳುವವರು ಆ ನಿಧಾನಕ್ಕೆ ಬೆಲೆಯನ್ನೂ ಕೊಡಬೇಕು. ಬಾಯಿಗೆ ಒಳ್ಳೆಯ ಮಾಸ್ಕ್ ಕೂಡ ಇಲ್ಲದೆ ಅವರು ಆ ಧೂಳು ಕುಡಿಯುತ್ತಾರೆ ಎನ್ನುವುದು ನಮ್ಮ ಹವ್ಯಾಸದ ಲೆಕ್ಕಕ್ಕೆ ಬರಲೇಬೇಕು.

ಎಡಗಡೆ ಕವರನ್ನು ಆಮೇಲೆ ಕೈಯಲ್ಲೇ ಮಾಡಿದೆ. ಸೀಮೆಎಣ್ಣೆ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಜಿಡ್ಡು ಬಿಡಿಸುವುದಕ್ಕೇ ಒಂದು ಸಂಜೆ ಬೇಕಾಯಿತು. ಜಿಡ್ಡು ಬೇಗ ಹೋಗಲೆಂದು ಕಾಸ್ಟಿಕ್ ಸೋಡಾದಲ್ಲಿ ಅದ್ದುವವರಿದ್ದಾರೆ. ಅದು ಜಿಡ್ಡಿನ ಜೊತೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ, ನೊರೆಯಾಗಿ ಏಳುವುದು ಹೈಡ್ರೋಜನ್. ಕಪ್ಪಾದ ಪಾತ್ರೆಗೆ ಅಮ್ಮಂದಿರು ಹುಣಸೆಹುಳಿ ಹಾಕಿ ಕುದಿಸುತ್ತಿದ್ದರಲ್ಲ, ಆ ಹುಳಿಯಿಂದ ಮೇಲಿನ ಕಪ್ಪು ಬಿಡುತ್ತದೆ, ಗುಳಿ ತುಂಬುವುದಿಲ್ಲ. ಗುಳಿಗೆ ವಾಟರ್ ಪೇಪರೇ ಬೇಕು.

ಗೀರು ಆಳವಿದ್ದ ಜಾಗದಲ್ಲಿ ಮಾತ್ರ 320 ನಂಬರಿನ ಪೇಪರ್, ಮಿಕ್ಕ ಕಡೆ 400ರಿಂದ ಶುರು. ಆಮೇಲೆ 600, 800, 1000. ಪ್ರತಿ ಸಲವೂ ಹಿಂದಿನ ಪೇಪರ್ ಉಜ್ಜಿದ ದಿಕ್ಕಿಗೆ ಅಡ್ಡವಾಗಿ ಉಜ್ಜಬೇಕು, ಆಗ ಹಳೆಯ ಗೆರೆ ಪೂರ್ತಿ ಹೋಯಿತೋ ಇಲ್ಲವೋ ಕಣ್ಣಿಗೇ ತಿಳಿಯುತ್ತದೆ. ಅವಸರಕ್ಕೆ ಒಂದು ಹಂತ ಹಾರಿಸಿದರೆ ಕೊನೆಯ ಹೊಳಪಿನಲ್ಲಿ ಆ ಗೆರೆ ಮೇಲೆದ್ದು ಬರುತ್ತದೆ. ಮೃದು ಲೋಹದ ಪುಡಿ ಪೇಪರಿಗೆ ಮೆತ್ತಿಕೊಳ್ಳುತ್ತದೆ, ಅದಕ್ಕೇ ನೀರು, ಒಂದು ಹನಿ ಸೋಪು. ಅಕ್ಷರಗಳ ಸುತ್ತ ಪೇಪರನ್ನು ಐಸ್‌ಕ್ರೀಂ ಕಡ್ಡಿಗೆ ಸುತ್ತಿಕೊಂಡು ಉಜ್ಜಿದೆ. ಮೂರು ಭಾನುವಾರ ಹಿಡಿಯಿತು.

ಇನ್ನೊಂದು ಅತಿಯನ್ನೂ ಹೇಳಬೇಕು. ಸಿಲಿಂಡರ್ ಹೆಡ್ಡು, ಕ್ರ್ಯಾಂಕ್‌ಕೇಸಿನ ನಡುಭಾಗ ಇವು ಎರಕದ ಒರಟು ಮೈಯಲ್ಲೇ ಇರಬೇಕಾದವು. ಆ ಮಂಕು ಬೂದು ಪಕ್ಕದಲ್ಲಿದ್ದರೇ ಕವರಿನ ಹೊಳಪಿಗೆ ಅರ್ಥ. ಎಲ್ಲವನ್ನೂ ಕನ್ನಡಿ ಮಾಡಿದ ಎಂಜಿನ್ನಿನಲ್ಲಿ ಯಾವುದು ಮುಚ್ಚಳ, ಯಾವುದು ಒಡಲು ಎಂದೇ ತಿಳಿಯುವುದಿಲ್ಲ. ಅಂಥ ಒರಟು ಭಾಗ ಸ್ವಚ್ಛವಾಗಲೆಂದು ಗಾಜಿನ ಮಣಿ ಬ್ಲಾಸ್ಟಿಂಗ್ ಮಾಡಿಸಿದರೆ ಬೇರಿಂಗ್ ಕೂರುವ ಜಾಗ, ಎಣ್ಣೆಯ ಹಾದಿಗಳಲ್ಲಿ ಒಂದು ಕಣವೂ ಉಳಿಯದಂತೆ ತೊಳೆಯಬೇಕು. ಉಳಿದರೆ ಎಂಜಿನ್ನನ್ನೇ ಅರೆದುಹಾಕುತ್ತದೆ.

ಹೊಳಪು ಕಾಪಾಡಲು ಲ್ಯಾಕರ್ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಒಂದು ಕಲ್ಲು ಸಿಡಿದು ಪದರ ಬಿರುಕು ಬಿಟ್ಟರೆ ತೇವ ಒಳಹೊಕ್ಕು, ಅದರಡಿಯಲ್ಲಿ ಹುಳು ಹರಿದಂಥ ಬಿಳಿ ಗೆರೆಗಳು ಹಬ್ಬುತ್ತವೆ. ಕರಾವಳಿಯ ಉಪ್ಪುಗಾಳಿಯಲ್ಲಿ ಅದು ಇನ್ನೂ ಬೇಗ. ಮೇಣ ಸವರಿ, ಮಂಕಾದಾಗ ಮತ್ತೆ ಒರೆಸುವುದೇ ವಾಸಿ.

ಈಗ ನನ್ನ ಗಾಡಿಯ ಬಲಗಡೆ ಕನ್ನಡಿ, ಎಡಗಡೆ ಹಳೆಯ ಬೆಳ್ಳಿ ಲೋಟದ ಹೊಳಪು. ಲಿವರಿನ ಬುಡದಲ್ಲಿ ಒಂದು ಆಳದ ಗೀರನ್ನು ತೆಗೆಯದೆ ಬಿಟ್ಟಿದ್ದೇನೆ, ಅದನ್ನು ತೆಗೆಯಲು ಸುತ್ತಲಿನ ಮೈಯನ್ನೆಲ್ಲ ಇಳಿಸಬೇಕಾಗಿತ್ತು. ಕತ್ತಲಲ್ಲಿ ಬೆರಳಾಡಿಸಿದರೂ ಅಕ್ಷರಗಳನ್ನು ಒಂದೊಂದಾಗಿ ಓದಬಹುದು.