ಇರ್ಫಾನ್ ಪಠಾಣ್: ಚೆಂಡನ್ನು ನೋಡದ ಹೊಗಳಿಕೆ

ಇರ್ಫಾನ್ ಪಠಾಣ್ ಅವರ ಆರಂಭದ ದಿನಗಳ ಬಗ್ಗೆ ಬಂದ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಹೆಚ್ಚಿನವು ಶುರುವಾಗುವುದು ಮೈದಾನದಲ್ಲಲ್ಲ, ಬರೋಡದ ಜುಮ್ಮಾ ಮಸೀದಿಯಲ್ಲಿ. ಅಝಾನ್ ಕೊಡುವ ತಂದೆ, ಮಸೀದಿಯ ಆವರಣದಲ್ಲೇ ಬಿಡಾರ, ಅಣ್ಣ ಯೂಸುಫ್ ಜೊತೆಗಿನ ಆಟ, ಗುಂಗುರು ಕೂದಲು, ನಾಚಿಕೆಯ ನಗು. ಇದಾವುದೂ ಸುಳ್ಳಲ್ಲ. ಆದರೆ ಎರಡು ಪುಟ ಓದಿ ಮುಗಿಸಿದ ಮೇಲೂ ಈ ಹುಡುಗ ಚೆಂಡಿಗೆ ಏನು ಮಾಡುತ್ತಿದ್ದ ಎಂಬುದು ಮಾತ್ರ ತಿಳಿಯುವುದಿಲ್ಲ.

ನಾವು ಕಥೆ ಬರೆಯುವವರು. ಈ ಪಾತ್ರದ ಪರಿಚಯ ನಮಗೆ ಚೆನ್ನಾಗಿಯೇ ಇದೆ. ಬಡವ, ವಿನಯವಂತ, ಐದು ಹೊತ್ತಿನ ನಮಾಝಿ, ಕೋಪವೇ ಬಾರದವ, ಕೊನೆಯಲ್ಲಿ ಎಲ್ಲರಿಗಾಗಿ ಏನನ್ನಾದರೂ ಕೊಟ್ಟು ಹೋಗುವವ. ಹಿಂದಿ ಸಿನಿಮಾದಲ್ಲಿ ಅವನು ರಹೀಮ್ ಚಾಚಾ. ನಮ್ಮ ಕಥೆಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಬಂದು ಹೋಗಿದ್ದಾನೆ, ನಾವೂ ಅವನನ್ನು ಬರೆದು ಶಹಬ್ಬಾಸ್ ಅನ್ನಿಸಿಕೊಂಡಿದ್ದೇವೆ. ಆದ್ದರಿಂದ ಇಲ್ಲಿ ಪತ್ರಕರ್ತರ ಮೇಲಷ್ಟೇ ತಪ್ಪು ಹೊರಿಸುವ ಹಕ್ಕು ನಮಗಿಲ್ಲ.

ಕಾಲವೂ ಅಂಥದ್ದೇ ಇತ್ತು. ಬರೋಡದ ಬೆಸ್ಟ್ ಬೇಕರಿಯಲ್ಲಿ 14 ಜನರನ್ನು ಕೊಂದದ್ದು 2002ರ ಮಾರ್ಚ್ 1ರಂದು. ಅದೇ ಊರಿನ 19ರ ಹರೆಯದ ಹುಡುಗ ಅಡಿಲೇಡ್‌ನಲ್ಲಿ ಭಾರತದ ಟೋಪಿ ತೊಟ್ಟದ್ದು 2003ರ ಡಿಸೆಂಬರ್ 12ರಂದು. ಮರುವರ್ಷದ ಪಾಕಿಸ್ತಾನ ಪ್ರವಾಸದಲ್ಲಿ ತಾರೀಕುಗಳು ಇನ್ನಷ್ಟು ಹತ್ತಿರ ಬಂದವು. ಬೆಸ್ಟ್ ಬೇಕರಿ ಮೊಕದ್ದಮೆಯನ್ನು ಗುಜರಾತಿನ ಹೊರಗೆ ಮತ್ತೆ ವಿಚಾರಣೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2004ರ ಏಪ್ರಿಲ್ 12ರಂದು. ರಾವಲ್ಪಿಂಡಿಯಲ್ಲಿ ಸರಣಿಯ ಕೊನೆಯ ಟೆಸ್ಟ್ ಶುರುವಾದದ್ದು ಮಾರನೆಯ ದಿನ. ಸರಣಿಯಲ್ಲಿ ಇರ್ಫಾನ್‌ಗೆ 12 ವಿಕೆಟ್, ಭಾರತಕ್ಕೆ 2-1ರ ಗೆಲುವು. ದೇಶಕ್ಕೆ ಆಗ ಬರೋಡದಿಂದ ಒಂದು ಒಳ್ಳೆಯ ಸುದ್ದಿ ಬೇಕಾಗಿತ್ತು. ನಮಗೂ ಬೇಕಾಗಿತ್ತು, ಬಹುಶಃ ಉಳಿದವರಿಗಿಂತ ಹೆಚ್ಚು. ಹುಡುಗನ ಎಡಗೈಗೆ ನಾವೆಲ್ಲ ಸೇರಿ ಕಟ್ಟಿದ ಭಾರ ಅದು.

ಆ ಪ್ರವಾಸದ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಲಾಹೋರಿನ ಕಾಲೇಜೊಂದರಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಮುಸಲ್ಮಾನನಾಗಿ ಭಾರತಕ್ಕೆ ಯಾಕೆ ಆಡುತ್ತೀ ಎಂದು ಸಿಟ್ಟಿನಿಂದ ಕೇಳಿದ್ದನ್ನು ಇರ್ಫಾನ್ ಮುಂದೆ ಹೇಳಿಕೊಂಡಿದ್ದಾರೆ. ಅದು ನನ್ನ ದೇಶ, ಆಡಿದರೆ ಯಾರಿಗೂ ಉಪಕಾರ ಮಾಡಿದಂತಲ್ಲ ಎಂಬುದು ಅವರ ಉತ್ತರದ ಸಾರ. ಇದು ಎಲ್ಲೆಡೆ ಪ್ರಸಿದ್ಧವಾಯಿತು. ಇನ್ನೊಂದು, ಇಂಥ ಬೌಲರ್‌ಗಳು ನಮ್ಮಲ್ಲಿ ಗಲ್ಲಿಗಲ್ಲಿಗೂ ಸಿಗುತ್ತಾರೆಂದು ಪಾಕಿಸ್ತಾನದ ಕೋಚ್ ಜಾವೇದ್ ಮಿಯಾಂದಾದ್ ಆಡಿದ ಕುಹಕ. ಅದಕ್ಕೆ ನಮ್ಮಲ್ಲಿ ಎಲ್ಲರೂ ಸಿಡಿಮಿಡಿಗೊಂಡರು. ನಮಗೆ ಈಗ ಅನ್ನಿಸುವುದೇ ಬೇರೆ. ಮಿಯಾಂದಾದ್ ಕಡೇಪಕ್ಷ ಬೌಲಿಂಗ್ ಬಗ್ಗೆ ಮಾತಾಡಿದ್ದರು!

ಹಾಗಾದರೆ ಬೌಲಿಂಗ್ ಹೇಗಿತ್ತು? 2003ರಲ್ಲಿ ಲಾಹೋರ್‌ನಲ್ಲಿ ಬಾಂಗ್ಲಾದ 19ರೊಳಗಿನ ಹುಡುಗರ ಎದುರು 16 ರನ್ನಿಗೆ 9 ವಿಕೆಟ್ ತೆಗೆದದ್ದೇ ಅವರನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ದಿತು. ಅಡಿಲೇಡ್‌ನ ಮೊದಲ ಇನಿಂಗ್ಸ್‌ನಲ್ಲಿ ಸಿಕ್ಕಿದ್ದು ಒಂದೇ ವಿಕೆಟ್, ಹೇಡನ್‌ರದು. ಆದರೆ ಸಿಡ್ನಿಯಲ್ಲಿ ಗಿಲ್‌ಕ್ರಿಸ್ಟ್‌ರ ಕಾಲಬುಡಕ್ಕೆ ಬಿದ್ದು ಗೂಟ ಕಿತ್ತ ಯಾರ್ಕರ್ ಕಂಡವರು ಮರೆಯಲಾರರು. ಎಡಗೈ ವೇಗಿಯ ಚೆಂಡು ಸಹಜವಾಗಿ ಬಲಗೈ ಬ್ಯಾಟ್ಸ್‌ಮನ್ನನಿಂದ ಆಚೆಗೆ ಓಡುತ್ತದೆ. ಅವನು ಅದನ್ನೇ ನಂಬಿ ಕಾಲಿಟ್ಟಿರುತ್ತಾನೆ. ಇರ್ಫಾನ್‌ರ ಹೊಸ ಚೆಂಡು ಅದೇ ದಾರಿಯಲ್ಲಿ ಹೊರಟು, ಬ್ಯಾಟು ಇಳಿಯುವ ಹೊತ್ತಿಗೆ ಒಳಗೆ ಹೊರಳುತ್ತಿತ್ತು. ಮಣಿಕಟ್ಟು ಚೆಂಡಿನ ಹಿಂದೆ ನೆಟ್ಟಗೆ ನಿಂತರೆ ಮಾತ್ರ ಆಗುವ ಕೆಲಸ ಅದು. ವೇಗ ಸ್ವಲ್ಪ ಇಳಿದರೆ ಅದೇ ಹೊರಳು ಬ್ಯಾಟ್ಸ್‌ಮನ್‌ಗೆ ಸುಲಭದ ತುತ್ತು.

2006ರ ಜನವರಿ 29, ಕರಾಚಿ. ಪಂದ್ಯದ ಮೊದಲ ಓವರ್, ನಾಲ್ಕು, ಐದು, ಆರನೆಯ ಎಸೆತಗಳು. ಸಲ್ಮಾನ್ ಬಟ್ ಸ್ಲಿಪ್‌ನಲ್ಲಿದ್ದ ದ್ರಾವಿಡ್‌ಗೆ ಕ್ಯಾಚ್, ಯೂನಿಸ್ ಖಾನ್ ಎಲ್‌ಬಿಡಬ್ಲ್ಯು, ಮೊಹಮ್ಮದ್ ಯೂಸುಫ್ ಬೌಲ್ಡ್. ಕೊನೆಯ ಎರಡೂ ಆ ಒಳಹೊರಳಿನವೇ. ಅಂದು ನಾವು ಹಿಗ್ಗಿದ್ದು ಯಾಕೆ? ಕೇಳುವವರ ಬಾಯಿ ಮುಚ್ಚಿತು ಎಂಬ ನೆಮ್ಮದಿಗೆ. ಚೆಂಡಿನ ಸೊಗಸಿಗೆ ಹಿಗ್ಗಿದವರು ನಮ್ಮಲ್ಲಿ ಎಷ್ಟು ಮಂದಿ? 39 ರನ್ನಿಗೆ 6 ವಿಕೆಟ್ ಬಿದ್ದಿದ್ದ ಪಾಕಿಸ್ತಾನವನ್ನು ಕಮ್ರಾನ್ ಅಕ್ಮಲ್ 113 ಹೊಡೆದು ಎತ್ತಿದ್ದು, ಭಾರತ ಆ ಪಂದ್ಯವನ್ನು 341 ರನ್ನಿನಿಂದ ಸೋತದ್ದು ಈಗ ಯಾರ ನೆನಪಿನಲ್ಲೂ ಇಲ್ಲ.

ಆಮೇಲಿನ ಇಳಿಜಾರಿಗೂ ಒಂದು ಸಿದ್ಧ ಕಥೆಯಿದೆ. ಗ್ರೆಗ್ ಚಾಪೆಲ್ ಬಂದು ಬೌಲರನ್ನು ಬ್ಯಾಟ್ಸ್‌ಮನ್ ಮಾಡಿ ಕೆಡಿಸಿದರು ಎಂಬುದು ಅದು. 2005ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಶ್ರೀಲಂಕಾ ವಿರುದ್ಧ ಮೂರನೆಯವರಾಗಿ ಇಳಿದು 83 ಹೊಡೆದದ್ದು ಹೌದು. ಆದರೆ ಆ ಸಲಹೆ ಸಚಿನ್ ಅವರದು, ಚಾಪೆಲ್‌ರನ್ನು ದೂರಬೇಡಿ ಎಂದು ಸ್ವತಃ ಇರ್ಫಾನ್ ಹೇಳಿದ ಮೇಲೂ ಕಥೆ ಸಾಯಲಿಲ್ಲ. ಖಳನಾಯಕ ಸಿಕ್ಕಿದರೆ ಲೆಕ್ಕ ನೋಡುವ ಕಷ್ಟವಿಲ್ಲ. ನೋಡಿದವರಿಗೆ ಸಿಗುವುದು ಇದು: ಅವರ ಒಟ್ಟು 100 ಟೆಸ್ಟ್ ವಿಕೆಟ್‌ಗಳಲ್ಲಿ 39 ಬಂದದ್ದು ಬರೀ ನಾಲ್ಕು ಪಂದ್ಯಗಳಲ್ಲಿ, 2004ರಲ್ಲಿ ಬಾಂಗ್ಲಾದಲ್ಲಿ 18, 2005ರಲ್ಲಿ ಜಿಂಬಾಬ್ವೆಯಲ್ಲಿ 21. ಉಳಿದ 25 ಟೆಸ್ಟ್‌ಗಳಿಗೆ 61. ಅಂದರೆ ಬ್ಯಾಟಿಂಗ್ ಬಡ್ತಿಗೆ ಮೊದಲೇ ಬೌಲಿಂಗ್‌ಗೆ ಬಲ್ಲವರ ಗದರಿಕೆ ಬೇಕಿತ್ತು. ನಾವು ಕೊಟ್ಟದ್ದು ದುಆ ಮತ್ತು ಹೊಗಳಿಕೆ.

ಬರೋಡಕ್ಕೇ ಆಡುತ್ತಿದ್ದ ಇನ್ನೊಬ್ಬ ಎಡಗೈ ವೇಗಿ ಜಹೀರ್ ಖಾನ್. ಅವರ ಮೇಲೆ ಯಾರೂ ಅಷ್ಟು ಕಥೆ ಹೆಣೆಯಲಿಲ್ಲ. ಫಾರ್ಮ್ ಹೋಯಿತು, ತಂಡದಿಂದ ತೆಗೆದರು. 2006ರಲ್ಲಿ ಇಂಗ್ಲೆಂಡಿನ ವೂಸ್ಟರ್‌ಷೈರ್‌ಗೆ ಹೋಗಿ ಓಟ ಮೊಟಕು ಮಾಡಿಕೊಂಡು 78 ವಿಕೆಟ್ ತೆಗೆದರು. ಅದೇ ವರ್ಷದ ಕೊನೆಗೆ ದಕ್ಷಿಣ ಆಫ್ರಿಕಾದಲ್ಲಿ ಜಹೀರ್ ತಂಡಕ್ಕೆ ಮರಳಿದ್ದರು, ಇರ್ಫಾನ್‌ರನ್ನು ಪ್ರವಾಸದ ನಡುವೆಯೇ ರಣಜಿ ಆಡಲೆಂದು ಊರಿಗೆ ಕಳಿಸಲಾಯಿತು. ಜಹೀರ್ 311 ಟೆಸ್ಟ್ ವಿಕೆಟ್‌ಗಳವರೆಗೆ ಹೋದರು.

ಇರ್ಫಾನ್ ಮತ್ತೆ ಬಂದರು. 2007ರ ಟಿ-20 ವಿಶ್ವಕಪ್ ಫೈನಲ್‌ನಲ್ಲಿ 16ಕ್ಕೆ 3, 2008ರ ಜನವರಿಯಲ್ಲಿ ಪರ್ತ್‌ನಲ್ಲಿ ಐದು ವಿಕೆಟ್, 28 ಮತ್ತು 46 ರನ್. ಎರಡೂ ಕಡೆ ಪಂದ್ಯಶ್ರೇಷ್ಠ. ಅದೇ ಏಪ್ರಿಲ್‌ನಲ್ಲಿ ಅಹಮದಾಬಾದ್‌ನಲ್ಲಿ ಆಡಿದ್ದೇ ಕೊನೆಯ ಟೆಸ್ಟ್. ಆಗ ಅವರಿಗೆ 23 ವರ್ಷ.