ಮೈಸೂರು ಮೆಚ್ಚಿದ ಮೆಟ್ನರ್

ಜಯಚಾಮರಾಜ ಒಡೆಯರ್ ಅವರ ಸಂಗೀತಪ್ರೀತಿಯ ಮಾತು ಬಂದಾಗ ನಮ್ಮಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಹೆಸರೊಂದು ಸುಳಿದು ಹೋಗುತ್ತದೆ. ಲಂಡನ್ನಿನಲ್ಲಿ ಕೈ ಬರಿದಾಗಿ, ಆರೋಗ್ಯ ಕೆಟ್ಟು ಕೂತಿದ್ದ ಈ ಸಂಯೋಜಕನಿಗೆ ಮಹಾರಾಜರು ಆಸರೆಯಾದರು, ಆತನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು, ಆತ ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೆ ಅರ್ಪಿಸಿದ. ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆ ಸಂಗೀತ ಎಂಥದು, ದೂರದ ಮೈಸೂರಿನ ಅರಸರೊಬ್ಬರು ಅದನ್ನು ಅಷ್ಟು ಹಚ್ಚಿಕೊಳ್ಳಲು ಅದರಲ್ಲಿ ಏನಿತ್ತು, ಅವರ ಆಯ್ಕೆ ಸರಿಯಿತ್ತೇ ಎಂದು ಕೇಳುವವರು ಕಡಿಮೆ. ಔದಾರ್ಯದ ಕಥೆ ಸಂಗೀತದ ಪ್ರಶ್ನೆಯನ್ನು ನುಂಗಿಬಿಟ್ಟಿದೆ.

ಆ ಪ್ರಶ್ನೆಯಾದರೋ ಪಿಯಾನೋ ಬಲ್ಲವರ ನಡುವೆ ಶತಮಾನದಿಂದ ಇತ್ಯರ್ಥವಾಗದೆ ಉಳಿದಿದೆ. ತನ್ನ ಕಾಲದ ಅತ್ಯಂತ ದೊಡ್ಡ ಸಂಯೋಜಕ ಮೆಟ್ನರನೇ ಎಂದು ರಖ್ಮಾನಿನೋವ್ 1921ರಲ್ಲಿ ಅವನಿಗೇ ಪತ್ರ ಬರೆದ. ಇನ್ನೊಂದು ಪಕ್ಷದವರಿಗೆ ಇದು ಒಣ ಪಾಂಡಿತ್ಯ: ಕೇಳುವಾಗ ಘನವೆನಿಸುತ್ತದೆ, ಎದ್ದು ಹೊರಟಾಗ ಒಂದು ಸಾಲೂ ನಾಲಿಗೆಯ ಮೇಲೆ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಎರಡೂ ಪಕ್ಷಗಳು ಒಂದೇ ಗುಣವನ್ನು ಎರಡು ಬದಿಯಿಂದ ನೋಡುತ್ತಿವೆ. ಮೆಟ್ನರ್ ರಾಗಗಳನ್ನು ಕೊಡುವ ಸಂಯೋಜಕನಲ್ಲ, ಅವನ್ನು ಬೆಳೆಸುವ ಸಂಯೋಜಕ. ಬೆಳವಣಿಗೆಯನ್ನು ಹಿಂಬಾಲಿಸಲು ಪುರುಸೊತ್ತಿರುವವನಿಗೆ ಆತ ದಕ್ಕುತ್ತಾನೆ. ಪುರುಸೊತ್ತು ಕೊಟ್ಟ ಮೇಲೂ ಬಳಲಿಸುವ ಕೃತಿಗಳು ಆತನಲ್ಲಿವೆ. ಅಭಿಮಾನಿಗಳು ಒಪ್ಪದಿರುವುದು ಇದನ್ನು.

ಮಾಸ್ಕೋ ಕನ್ಸರ್ವೇಟರಿಯ ಪರಂಪರೆಯಲ್ಲಿಟ್ಟು ನೋಡಿದರೆ ಮೆಟ್ನರ್ ಹೆಚ್ಚು ಸ್ಪಷ್ಟವಾಗುತ್ತಾನೆ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ಪಿಯಾನೋಗೆ ಸಫೋನೊವ್, ಸ್ವರಗಳ ಹೆಣಿಗೆಯ ಶಾಸ್ತ್ರಕ್ಕೆ ತನೇಯೆವ್ ಇದ್ದರು. ರಖ್ಮಾನಿನೋವ್ ಮತ್ತು ಸ್ಕ್ರಿಯಾಬಿನ್ 1892ರಲ್ಲಿ ಅಲ್ಲಿಂದ ಹೊರಬಂದರು. ಅವರಿಗಿಂತ ಏಳೆಂಟು ವರ್ಷ ಚಿಕ್ಕವನಾದ ಮೆಟ್ನರ್ 1900ರಲ್ಲಿ ಪದವಿ ಮುಗಿಸಿದ. ಬರೆಯುವವನು ತಾನೇ ಮೊದಲ ದರ್ಜೆಯ ವಾದಕನೂ ಆಗಿರಬೇಕೆಂಬುದು ಆ ಶಾಲೆಯ ನಂಬಿಕೆ. ಮೂವರೂ ಅದೇ ನೆಲದಲ್ಲಿ ಬೆಳೆದು ಮೂರು ದಿಕ್ಕಿಗೆ ನಡೆದರು. ರಖ್ಮಾನಿನೋವ್ ಉದ್ದನೆಯ ಹಾಡುಗಾರಿಕೆಯತ್ತ ಹೊರಳಿದ. ಸ್ಕ್ರಿಯಾಬಿನ್ ಹಳೆಯ ಸ್ವರಮೇಳದ ಕಟ್ಟನ್ನೇ ಕರಗಿಸುತ್ತ ಅನುಭಾವದ ಕಡೆ ಹೋದ. ಮೆಟ್ನರ್ ತನೇಯೆವ್ ಕಲಿಸಿದ ಹೆಣಿಗೆಯನ್ನೇ ಹಿಡಿದು ಒಳಕ್ಕೆ ಇಳಿದ. ಶಿಷ್ಯ ಜಗತ್ತು ಸುತ್ತುವ ವಾದಕನಾಗುತ್ತಾನೆಂದು ಸಫೋನೊವ್ ಕಾದಿದ್ದರೆ ಈತ ಅದನ್ನು ಬಿಟ್ಟು ಬರೆಯಲು ಕುಳಿತ. ಬರೆದದ್ದೆಲ್ಲ ಪಿಯಾನೋ ಸುತ್ತಲೇ: 14 ಸೊನಾಟಾ, ಸ್ಕಾಜ್ಕಾ ಅಂದರೆ ಕಥೆ ಎಂದು ಕರೆದ 38 ಕಿರುಕೃತಿಗಳು, ಮೂರು ಕನ್ಸರ್ಟೋ, ನೂರಕ್ಕೂ ಹೆಚ್ಚು ಗೀತೆಗಳು. ಸಿಂಫನಿ ಬರೆಯಲಿಲ್ಲ, ಆಪೆರಾ ಬರೆಯಲಿಲ್ಲ. ಪಿಯಾನೋ ಇಲ್ಲದ ಕೃತಿಯೇ ಇಲ್ಲವೆನ್ನಬಹುದು.

ಅವನ ಕೆಲಸದ ರೀತಿ ಕರ್ನಾಟಕ ಸಂಗೀತ ಕೇಳಿದ ಕಿವಿಗೆ ತೀರ ಅಪರಿಚಿತವಲ್ಲ. ಗಾಯಕ ಕೃತಿಯ ಒಂದು ಸಾಲನ್ನು ಎತ್ತಿಕೊಂಡು ನೆರವಲ್ ಮಾಡುವಾಗ ಮಾತು ಅದೇ ಇದ್ದು ಸ್ವರದ ಜಾಗ, ತಾಳದಲ್ಲಿ ಬೀಳುವ ಒತ್ತು, ಭಾವದ ಬಿಸಿ ಬದಲಾಗುತ್ತ ಹೋಗುತ್ತದಲ್ಲ, ಮೆಟ್ನರ್ ನಾಲ್ಕೈದು ಸ್ವರಗಳ ತುಣುಕನ್ನು ಹಾಗೇ ಬೆಳೆಸುತ್ತಾನೆ. ಆದರೆ ನೆರವಲ್‌ನಲ್ಲಿ ಬೆಳೆಯುವುದು ಒಂದೇ ಎಳೆ. ಇಲ್ಲಿ ಮೂರು ನಾಲ್ಕು ಎಳೆಗಳು ಒಟ್ಟಿಗೆ. ಮೊದಲು ಮೇಲಿನ ದನಿಯಲ್ಲಿ ಕೇಳಿದ ತುಣುಕು ಆಮೇಲೆ ಎಡಗೈಯಲ್ಲಿ ನಿಧಾನವಾಗಿ ಹಾಯುತ್ತದೆ. ಅದೇ ಹೊತ್ತಿಗೆ ನಡುವಿನ ದನಿಯಲ್ಲಿ ಅದರ ತಲೆಕೆಳಗಾದ ರೂಪ ಓಡುತ್ತಿರುತ್ತದೆ. ಹೊಸ ವಿಷಯ ಬಂತೆಂದುಕೊಂಡರೆ ಅದು ಹಳೆಯದರ ಹೊಟ್ಟೆಯಿಂದಲೇ ಬಂದದ್ದೆಂದು ಎರಡನೆಯ ಸಲ ಕೇಳಿದಾಗ ತಿಳಿಯುತ್ತದೆ. ಮೊದಲ ಸಲಕ್ಕೆ ತಿಳಿಯುವುದಿಲ್ಲ ಎಂಬುದೇ ತಕರಾರಿನ ಬೇರು.

ಈತನ ಪಿಯಾನೋ ಚಾತುರ್ಯದ ಬಗೆಯೂ ಬೇರೆ. ಲಿಸ್ಟ್‌ನ ಕಷ್ಟ ಕಣ್ಣಿಗೆ ಕಾಣುತ್ತದೆ. ಕೈಗಳು ಹಾರುತ್ತವೆ, ಅಷ್ಟಕಗಳು ಗುಡುಗುತ್ತವೆ, ಪ್ರೇಕ್ಷಕನಿಗೆ ವಾದಕ ಪಟ್ಟ ಪಾಡು ಗೊತ್ತಾಗುತ್ತದೆ. ಮೆಟ್ನರ್ ಒಡ್ಡುವ ಕಷ್ಟ ಒಳಗಿನದು. ಒಂದೇ ಕೈಯ ದುರ್ಬಲ ಬೆರಳುಗಳು ಒಂದು ದನಿಯನ್ನು ಹಾಡಿಸಬೇಕು, ಬಲವಾದ ಬೆರಳುಗಳು ಮೆತ್ತಗಿರಬೇಕು. ಬಲಗೈ ಮೂರರಲ್ಲಿ ನಡೆದರೆ ಎಡಗೈ ನಾಲ್ಕರಲ್ಲೋ ಐದರಲ್ಲೋ ನಡೆಯುತ್ತದೆ, ಒತ್ತು ಬೀಳುವುದು ತಾಳದ ಗೆರೆಯಿಂದ ಆಚೆ. ಇದನ್ನೆಲ್ಲ ಸಾಧಿಸಿ ನುಡಿಸಿದರೆ ಕೇಳುಗನಿಗೆ ಸಂಗೀತ ನೆಟ್ಟಗೆ ನಡೆದಂತೆ ಅನಿಸುತ್ತದೆ, ಅಷ್ಟೆ. ತಿಂಗಳುಗಟ್ಟಲೆ ದುಡಿದ ವಾದಕನಿಗೆ ಸಿಗುವುದು ಗಂಭೀರ ಚಪ್ಪಾಳೆ. ಸಭೆ ಎದ್ದು ನಿಲ್ಲುವುದಿಲ್ಲ. ಮೆಟ್ನರನನ್ನು ಮನೆಯಲ್ಲಿ ನುಡಿಸಿ ಸುಖಪಡುವ ಎಷ್ಟೋ ಪಿಯಾನೋ ವಾದಕರು ವೇದಿಕೆಗೆ ಬೇರೆಯದನ್ನು ಆರಿಸಿಕೊಳ್ಳುವುದಕ್ಕೆ ಈ ಲೆಕ್ಕಾಚಾರವೂ ಕಾರಣ.

ಆತನ ಗೆಲುವು ನಿಸ್ಸಂಶಯವಾಗಿ ಕಾಣುವುದು ಸ್ಕಾಜ್ಕಾಗಳಲ್ಲಿ. ಹೆಚ್ಚಿನವು ಕೆಲವೇ ನಿಮಿಷಗಳವು. ಕೆಲವಕ್ಕೆ ಹೆಸರು ಅಥವಾ ಸೂಚನೆ ಇದೆ, ಹಲವಕ್ಕೆ ಏನೂ ಇಲ್ಲ. ಓಪಸ್ 20ರ ಮೊದಲನೆಯದು ಮೂರು ನಿಮಿಷದಲ್ಲಿ ಒಂದು ಅಹವಾಲನ್ನು ಶುರುಮಾಡಿ, ಏರಿಸಿ, ಮುರಿದು ಮುಗಿಸುತ್ತದೆ. ಅದೇ ಓಪಸ್ಸಿನ ಎರಡನೆಯದರಲ್ಲಿ ಎಡಗೈ ಗಂಟೆಯ ನಾದದಂತೆ ಬಿಡದೆ ಮರಳುತ್ತದೆ, ಬಲಗೈ ಅದರಿಂದ ಬಿಡಿಸಿಕೊಳ್ಳಲು ಹೆಣಗಿ ಸೋಲುತ್ತದೆ. ಓಪಸ್ 26ರ ಎಫ್ ಮೈನರ್ ಕಥೆಯಲ್ಲಿ ಆಡಂಬರವೇ ಇಲ್ಲ. ಮುದುಕರು ಹಳೆಯದನ್ನು ಹೇಳುವ ಸಾವಕಾಶ ಅದರದು. ಇಲ್ಲಿ ಹೆಣಿಗೆಯೂ ಇದೆ, ಅಳತೆಯೂ ಇದೆ. ನೆನಪಿನಲ್ಲಿ ಉಳಿಯುವ ರಾಗ ಮೆಟ್ನರನಿಗೆ ಬರುತ್ತಿರಲಿಲ್ಲ ಎನ್ನುವವರು ಈ ಕೃತಿಗಳ ಮುಂದೆ ಮಾತು ಬದಲಿಸಬೇಕಾಗುತ್ತದೆ.

ಜಗಳ ಕಾವೇರುವುದು ದೊಡ್ಡ ಸೊನಾಟಾಗಳ ಬಳಿ, ಅದರಲ್ಲೂ 1911ರ ‘ರಾತ್ರಿಗಾಳಿ’ ಸೊನಾಟಾದಲ್ಲಿ. ತ್ಯುಚೆವ್ ಕವಿಯ ಪದ್ಯವೊಂದನ್ನು ತಲೆಯಲ್ಲಿಟ್ಟುಕೊಂಡ ಈ ಕೃತಿ ರಖ್ಮಾನಿನೋವ್‌ಗೆ ಅರ್ಪಿತವಾದದ್ದು. ಅರ್ಧ ಗಂಟೆಗೂ ಮೀರಿ ತಡೆಯಿಲ್ಲದೆ ಹರಿಯುತ್ತದೆ. ಮೊದಲ ದೊಡ್ಡ ಭಾಗ 15/8 ಗತಿಯಲ್ಲಿದ್ದು ನೆಲ ಕಾಲಡಿಯಲ್ಲಿ ಸದಾ ಜಾರುತ್ತಿರುವ ಅನುಭವ ಕೊಡುತ್ತದೆ. ಮನುಷ್ಯನೊಳಗಿನ ಕತ್ತಲೆಯನ್ನು ಇಷ್ಟು ದೀರ್ಘವಾಗಿ, ಇಷ್ಟು ಬಿಗಿಯಾದ ಕಟ್ಟಿನಲ್ಲಿ ಹಿಡಿದ ಪಿಯಾನೋ ಕೃತಿಗಳು ಕೆಲವೇ. ಆದರೂ ಎರಡನೆಯ ಭಾಗದ ಮೇಲಿನ ಆಕ್ಷೇಪದಲ್ಲಿ ಹುರುಳಿದೆ. ಅಲ್ಲಿ ಅಲೆಯ ಮೇಲೆ ಅಲೆ ಬರುತ್ತದೆ. ಪ್ರತಿಯೊಂದೂ ಶಿಖರದಂತೆ ಏರುವುದರಿಂದ ನಿಜವಾದ ಶಿಖರ ಯಾವುದೆಂದು ಕಿವಿ ಗುರುತಿಸದೆ ಹೋಗುತ್ತದೆ. ಸುಮ್ಮನಿರುವುದು ಕೂಡ ಸಂಗೀತದ ಉಪಾಯ ಎಂಬುದನ್ನು ಮೆಟ್ನರ್ ಇಲ್ಲಿ ಮರೆತ.

ಬಣ್ಣವಿಲ್ಲ ಎಂಬುದು ಆತನ ಕಾಲದಲ್ಲೇ ಎದ್ದ ದೂರು. ಡೆಬುಸಿ ಪಿಯಾನೋದಲ್ಲಿ ನೀರು, ಮಂಜು, ಬೆಳಕನ್ನು ತೋರಿಸುತ್ತಿದ್ದ ದಿನಗಳವು. ಸಂಯೋಜಕ ಮ್ಯಾಸ್ಕೊವ್ಸ್ಕಿ 1913ರಲ್ಲಿ ಮೆಟ್ನರ್ ಪರ ನಿಂತು ಲೇಖನ ಬರೆದಾಗ ಈ ದೂರನ್ನು ಅಲ್ಲಗಳೆಯಲಿಲ್ಲ, ತಿರುಗಿಸಿದ. ಚಿತ್ರಕಲೆಯಲ್ಲಿ ಬಣ್ಣದಷ್ಟೇ ರೇಖೆಗೂ ಸ್ಥಾನವಿದೆ, ಮೆಟ್ನರ್ ರೇಖೆಯ ಕಲಾವಿದ ಎಂಬುದು ಅವನ ವಾದದ ತಿರುಳು. ಆ ಸಮರ್ಥನೆ ಇಂದಿಗೂ ಗಟ್ಟಿ. ಸಂಗೀತವನ್ನು ದನಿಯ ಮೈಗಾಗಿ ಪ್ರೀತಿಸುವವರಿಗೆ ಮೆಟ್ನರ್ ಬರಡು. ಅದರ ನಡಿಗೆಗಾಗಿ, ತರ್ಕಕ್ಕಾಗಿ ಪ್ರೀತಿಸುವವರಿಗೆ ಅವನಲ್ಲಿ ಬೇಕಾದಷ್ಟು ಇದೆ. ‘ರಷ್ಯದ ಬ್ರಾಮ್ಸ್’ ಎಂಬ ಪಟ್ಟಿಯನ್ನು ಅಂಟಿಸಿದವರಿಗೆ ಮಾತ್ರ ಈ ನಡಿಗೆ ಪೂರ್ತಿ ಕೇಳಿಸಿಲ್ಲ. ಹೆಣಿಗೆಯ ಶ್ರದ್ಧೆ ಇಬ್ಬರಿಗೂ ಸಮಾನ. ಲಯದ ಚಡಪಡಿಕೆ, ಗಂಟೆಯ ನಾದದ ಮೋಹ, ಕಥೆ ಹೇಳುವ ದನಿ ಬ್ರಾಮ್ಸ್‌ನಿಂದ ಬಂದವಲ್ಲ.

ಬದಲಾಗಲಿಲ್ಲ ಎಂಬ ದೂರು ಇನ್ನೂ ತೂಕದ್ದು. ಪಿಯಾನೋ ಕ್ವಿಂಟೆಟ್‌ನ ಮೊದಲ ಕರಡುಗಳು 20ನೇ ಶತಮಾನದ ಆರಂಭದ ವರ್ಷಗಳವು. ಅದು ಮುಗಿದದ್ದು 1949ರ ಹೊತ್ತಿಗೆ. ನಡುವೆ ಎರಡು ಮಹಾಯುದ್ಧ, ಒಂದು ಕ್ರಾಂತಿ, ದೇಶಾಂತರ, ಯುರೋಪಿನ ಸಂಗೀತದ ಬುಡಮೇಲು ಎಲ್ಲ ಆಗಿಹೋಗಿತ್ತು. ಕೃತಿಯ ಭಾಷೆ ಕದಲಲಿಲ್ಲ. ಈ ಹಟಕ್ಕೆ ಆತ ಸಿದ್ಧಾಂತವನ್ನೂ ಕಟ್ಟಿದ. ರಖ್ಮಾನಿನೋವ್ ಪ್ಯಾರಿಸ್ಸಿನಲ್ಲಿ ನಡೆಸುತ್ತಿದ್ದ ಪ್ರಕಾಶನದಿಂದ 1935ರಲ್ಲಿ ಹೊರಬಂದ ‘ಕಲಾದೇವತೆ ಮತ್ತು ಫ್ಯಾಷನ್’ ಎಂಬರ್ಥದ ಪುಸ್ತಕದಲ್ಲಿ ಸಂಗೀತಕ್ಕೆ ಸನಾತನ ನಿಯಮಗಳಿವೆ, ಆಧಾರ ಸ್ವರದ ಸುತ್ತ ಉಳಿದವು ತಿರುಗುವ ವ್ಯವಸ್ಥೆ ಅವುಗಳಲ್ಲಿ ಒಂದು, ಆಧುನಿಕರು ಅದನ್ನು ಮುರಿದು ಫ್ಯಾಷನ್ನಿಗೆ ಬಲಿಯಾದರು ಎಂದು ವಾದಿಸಿದ. ಪ್ರಾಮಾಣಿಕವಾದ ಪುಸ್ತಕ, ಆದರೆ ಅವನಿಗೆ ಉಪಕಾರ ಮಾಡಲಿಲ್ಲ. ತನ್ನ ಅಭಿರುಚಿಯನ್ನು ಪ್ರಕೃತಿನಿಯಮವೆಂದು ಕರೆದವನ ಸಂಗೀತವನ್ನು ಜನ ಆ ವಾದದ ಉದಾಹರಣೆಯಾಗಿ ಕೇಳತೊಡಗುತ್ತಾರೆ. ಬಾರ್ಟೋಕ್, ಸ್ಟ್ರಾವಿನ್ಸ್ಕಿ ಬರೆಯುತ್ತಿದ್ದ ಕಾಲದಲ್ಲಿ ಮೆಟ್ನರ್ ಗತಕಾಲದವನೆಂಬ ತೀರ್ಪಿಗೆ ಆತನೇ ಸಾಕ್ಷಿ ಒದಗಿಸಿದಂತಾಯಿತು.

1921ರಲ್ಲಿ ರಷ್ಯ ಬಿಟ್ಟ ಮೇಲೆ ಬರ್ಲಿನ್, ಅಮೆರಿಕದ ಪ್ರವಾಸ, ಫ್ರಾನ್ಸ್ ಎಲ್ಲಿಯೂ ಆತನಿಗೆ ನೆಲೆ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ಕಿವಿಗಳು ಸಿಕ್ಕವು. 1935ರಲ್ಲಿ ಲಂಡನ್ನಿನಲ್ಲಿ ನೆಲೆನಿಂತ. ಪಾರ್ಸಿ ತಂದೆಯ ಮಗನಾದ ಸಂಯೋಜಕ ಕೈಖುಸ್ರು ಸೊರಾಬ್ಜಿ 1932ರಲ್ಲೇ ತನ್ನ ಪ್ರಬಂಧಸಂಕಲನದಲ್ಲಿ ಅವನನ್ನು ಎತ್ತಿಹಿಡಿದಿದ್ದ. ಯುದ್ಧ ಬಂದು ಪಾಠ, ಪ್ರಕಾಶನದ ಆದಾಯ ಕುಸಿಯಿತು, 1942ರಲ್ಲಿ ಹೃದಯಾಘಾತವಾಯಿತು. ಮೈಸೂರು ಪ್ರವೇಶಿಸುವುದು ಇದಾದ ಮೇಲೆ.

ಜಯಚಾಮರಾಜ ಒಡೆಯರ್ ಹವ್ಯಾಸಕ್ಕೆ ಹಣ ಚೆಲ್ಲಿದ ಅರಸರಲ್ಲ. ಸ್ವತಃ ಪಿಯಾನೋ ಅಭ್ಯಾಸ ಮಾಡಿದ್ದವರು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೋ. ಇತ್ತ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅವರು ಸ್ಥಾಪಿಸಿದ ಮೆಟ್ನರ್ ಸೊಸೈಟಿಯ ನೆರವಿನಿಂದ ಎಚ್‌ಎಂವಿ ಕಂಪನಿ ಸಂಯೋಜಕನನ್ನೇ ಪಿಯಾನೋ ಮುಂದೆ ಕೂರಿಸಿತು. 1947ರಲ್ಲಿ, 67ರ ವಯಸ್ಸಿನಲ್ಲಿ, ಆತ ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮೂರೂ ಕನ್ಸರ್ಟೋಗಳನ್ನು ನುಡಿಸಿದ. ಸ್ಕಾಜ್ಕಾಗಳು, ಸೊನಾಟಾಗಳು, ಕ್ವಿಂಟೆಟ್, ಎಲಿಜಬೆತ್ ಶ್ವಾರ್ಜ್‌ಕಾಫ್ ಮತ್ತಿತರರು ಹಾಡಿದ ಗೀತೆಗಳು ಸೇರಿ ಮೂರು ಸಂಪುಟಗಳಾದವು. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ. 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರದರ್ಶನಕ್ಕೂ ಅವರ ಬೆಂಬಲವಿತ್ತು. ಮೆಟ್ನರ್ ತನ್ನ ಪುಸ್ತಕದಲ್ಲಿ ಸ್ಟ್ರಾಸ್‌ನನ್ನು ಕಟುವಾಗಿ ತೆಗಳಿದ್ದ. ಒಡೆಯರ ಕಿವಿ ತಾನು ಪೋಷಿಸಿದ ಸಂಯೋಜಕನ ಕಿವಿಗಿಂತ ವಿಶಾಲವಾಗಿತ್ತು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಈ ಧ್ವನಿಮುದ್ರಣಗಳ ಮಹತ್ವ ಕರುಣೆಯ ಕಥೆಗಿಂತ ದೊಡ್ಡದು. ಮತ್ತೆ ಮತ್ತೆ ಕೇಳಿದರಷ್ಟೇ ತೆರೆದುಕೊಳ್ಳುವ ಸಂಗೀತಕ್ಕೆ ಕಛೇರಿಗಿಂತ ಗ್ರಾಮಫೋನ್ ತಟ್ಟೆಯೇ ತಕ್ಕ ವೇದಿಕೆ. ಅದು ಮೆಟ್ನರನಿಗೆ ಮೈಸೂರಿನ ದುಡ್ಡಿನಿಂದ ದಕ್ಕಿತು. ಇನ್ನೊಂದು ಮಾತು, ಆತ ಸ್ವತಃ ನುಡಿಸಿದ್ದನ್ನು ಕೇಳಿದರೆ ಒಣ ಪಂಡಿತನ ಆರೋಪ ಅರ್ಧ ಬಿದ್ದುಹೋಗುತ್ತದೆ. ಲಯ ಬಿಗಿಯಾಗಿದೆ, ಒಳದನಿಗಳು ಸ್ಪಷ್ಟವಾಗಿವೆ, ಭಾವಾತಿರೇಕವಿಲ್ಲ, ಆದರೆ ನಗುವಿದೆ. ಆಮೇಲಿನ ಅನೇಕ ವಾದಕರು ಭಕ್ತಿಯಿಂದ ನಿಧಾನಿಸಿ ಭಾರ ಮಾಡಿದ ಕಡೆಗಳಲ್ಲಿ ಸಂಯೋಜಕ ಹಗುರವಾಗಿ ನಡೆದುಹೋಗುತ್ತಾನೆ.

1951ರಲ್ಲಿ ಮೆಟ್ನರ್ ತೀರಿಕೊಂಡ. ಪತ್ನಿ ಆನ್ನಾ 1958ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮರಳಿದರು. ಮರುವರ್ಷದಿಂದ ಮಾಸ್ಕೋದಲ್ಲಿ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಬಂದವು. ಎಮಿಲ್ ಗಿಲೆಲ್ಸ್ ಕೆಲವು ಸೊನಾಟಾಗಳನ್ನು ತನ್ನದಾಗಿಸಿಕೊಂಡ. ಪಶ್ಚಿಮದಲ್ಲಿ ಹೇಮಿಶ್ ಮಿಲ್ನ್, ಜೆಫ್ರಿ ಟೋಜರ್ ದಶಕಗಟ್ಟಲೆ ದುಡಿದರು, ಮಾರ್ಕ್-ಆಂದ್ರೆ ಹ್ಯಾಮೆಲಿನ್ ಎಲ್ಲ ಸೊನಾಟಾಗಳನ್ನೂ ಧ್ವನಿಮುದ್ರಿಸಿದ. ಹೀಗಿರುವಾಗ ‘ಕಡೆಗಣಿಸಲ್ಪಟ್ಟ ಪ್ರತಿಭೆ’ ಎಂಬ ಅಳಲನ್ನು ಅಭಿಮಾನಿಗಳು ಇನ್ನು ಬಿಡಬೇಕು. ಅನ್ಯಾಯವಾಗಿದೆ ಎನ್ನುವ ವಕಾಲತ್ತು ಎಲ್ಲ ಕೃತಿಗಳನ್ನೂ ಒಂದೇ ಎತ್ತರದಲ್ಲಿ ನಿಲ್ಲಿಸುತ್ತದೆ, ಆಯ್ಕೆ ಮಾಡುವುದನ್ನು ತಪ್ಪಿಸುತ್ತದೆ.

ನನ್ನ ಆಯ್ಕೆ ಹೀಗಿದೆ. ಸ್ಕಾಜ್ಕಾಗಳಲ್ಲಿ ಹತ್ತು ಹನ್ನೆರಡು, ಒಂದೇ ಚಲನೆಯಲ್ಲಿ ಬಿಗಿದು ಕಟ್ಟಿದ ಜಿ ಮೈನರ್ ಸೊನಾಟಾ, ಕ್ರಾಂತಿಯ ನಂತರದ ವರ್ಷಗಳಲ್ಲಿ ಬರೆದ ‘ರೆಮಿನಿಸೆನ್ಸಾ’ ಸೊನಾಟಾ ಇವು ಪಿಯಾನೋ ಸಾಹಿತ್ಯದ ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ‘ರೆಮಿನಿಸೆನ್ಸಾ’ದಲ್ಲಿ ಹೆಣಿಗೆ ತೆಳುವಾಗಿದೆ, ಉಸಿರಾಡಲು ಜಾಗವಿದೆ. ‘ರಾತ್ರಿಗಾಳಿ’ ಅರ್ಧ ಮೇರುಕೃತಿ. ಕನ್ಸರ್ಟೋಗಳಲ್ಲಿ ಮೊದಲನೆಯದು ಕಟ್ಟಿನಲ್ಲಿ ಗಟ್ಟಿ, ಎರಡನೆಯದು ಲವಲವಿಕೆಯಲ್ಲಿ. ಮೈಸೂರಿಗೆ ಅರ್ಪಿತವಾದ ಮೂರನೆಯದರಲ್ಲಿ ಸುಂದರ ಕ್ಷಣಗಳಿವೆ, ಆದರೆ ಓಘ ಕಡಿಮೆ. ನಮ್ಮ ಊರಿನ ಹೆಸರಿದೆ ಎಂದು ಅದನ್ನು ಮೇಲಕ್ಕೇರಿಸಬೇಕಿಲ್ಲ. ರಖ್ಮಾನಿನೋವ್ ಹೇಳಿದಷ್ಟು ದೊಡ್ಡವನಲ್ಲ ಮೆಟ್ನರ್, ಅವನ ವಿರೋಧಿಗಳು ಹೇಳಿದಷ್ಟು ಒಣಗಿದವನಂತೂ ಅಲ್ಲವೇ ಅಲ್ಲ.

ಕನ್ನಡದ ಕೇಳುಗರಲ್ಲಿ ಒಂದು ಕೋರಿಕೆ. ಒಡೆಯರ ಔದಾರ್ಯವನ್ನು ಇನ್ನೊಮ್ಮೆ ಹೊಗಳುವ ಮೊದಲು ಅವರು ಉಳಿಸಿಕೊಟ್ಟ ಧ್ವನಿಯನ್ನು ಕೇಳಿ. ಓಪಸ್ 26ರ ಎಫ್ ಮೈನರ್ ಕಥೆಯಿಂದ ಶುರುಮಾಡಿ, ‘ರೆಮಿನಿಸೆನ್ಸಾ’ಗೆ ಬನ್ನಿ, ‘ರಾತ್ರಿಗಾಳಿ’ಯನ್ನು ಕೊನೆಗೆ ಇಟ್ಟುಕೊಳ್ಳಿ. ಪ್ರತಿಯೊಂದನ್ನೂ ಕನಿಷ್ಠ ಎರಡು ಸಲ ಕೇಳಿ, ಆಮೇಲೆ ಮೆಚ್ಚಿ ಅಥವಾ ಜಗಳವಾಡಿ.