366ನೆಯ ದಿನ ಮೂಕವಾದ ಸಂಗೀತ ಯಂತ್ರ

ಜೇಬಿನಲ್ಲಿಟ್ಟುಕೊಂಡು ಓಡಾಡುವ ಸಂಗೀತ ಯಂತ್ರವೊಂದು ಇದ್ದಕ್ಕಿದ್ದಂತೆ ನಿಂತುಹೋದರೆ ನೀವು ಮೊದಲು ಏನನ್ನು ಸಂದೇಹಿಸುತ್ತೀರಿ? ಬ್ಯಾಟರಿ ಇಳಿದಿರಬಹುದು. ಕೈಜಾರಿ ಬಿದ್ದು ಒಳಗಿನ ಹಾರ್ಡ್ ಡಿಸ್ಕಿಗೆ ಪೆಟ್ಟಾಗಿರಬಹುದು. ಎರಡೂ ಅಲ್ಲವೆಂದಾದರೆ, ಈಚೆಗೆ ತುಂಬಿಸಿಕೊಂಡ ತಂತ್ರಾಂಶದ ಹೊಸ ಆವೃತ್ತಿಯ, ಅಂದರೆ ಅಪ್‌ಡೇಟ್‌ನ ಮೇಲೆ ಗುಮಾನಿ ಹೋಗುತ್ತದೆ. ಎಷ್ಟೋ ಸಲ ಈ ಗುಮಾನಿ ನಿಜವೂ ಆಗಿರುತ್ತದೆ. ಆದರೆ ಒಂದರ ಮೇಲೊಂದು ಅಪ್‌ಡೇಟ್ ಬಂದರೂ ಅವು ಸರಿಪಡಿಸದೆ ಬಿಟ್ಟ ಹಳೆಯ ತಪ್ಪೊಂದರಿಂದ ಯಂತ್ರಗಳು ಸಾಲುಸಾಲಾಗಿ ನಿಂತ ಪ್ರಸಂಗವೂ ಒಂದಿದೆ. ಅದನ್ನು ನಾವು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು, ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೈಕ್ರೋಸಾಫ್ಟ್ ಕಂಪನಿ 2006ರ ನವೆಂಬರ್ 14ರಂದು ಅಮೆರಿಕದ ಮಾರುಕಟ್ಟೆಗೆ ತಂದ ಸಂಗೀತ ಯಂತ್ರದ ಹೆಸರು ಝೂನ್. ಅದರ ಮೊದಲ ಮಾದರಿಯಲ್ಲಿ 30 ಗಿಗಾಬೈಟ್ ಸಾಮರ್ಥ್ಯದ ಹಾರ್ಡ್ ಡಿಸ್ಕ್ ಇತ್ತು. 2008ರ ಡಿಸೆಂಬರ್ 31ರಂದು ಈ ಮಾದರಿಯ ಯಂತ್ರಗಳು ಎಲ್ಲೆಡೆ ನಿಂತುಹೋದವು. ಪರದೆಯ ಮೇಲೆ ಆರಂಭದ ಚಿಹ್ನೆ ಮೂಡುತ್ತಿತ್ತು, ಅದರ ಕೆಳಗಿನ ಪಟ್ಟಿ ಪೂರ್ತಿ ತುಂಬುತ್ತಿತ್ತು, ಅಷ್ಟೇ. ಯಾವ ಗುಂಡಿ ಒತ್ತಿದರೂ ಉತ್ತರವಿಲ್ಲ. ಅದೇ ಕಂಪನಿಯ ಆಮೇಲಿನ ಮಾದರಿಗಳಿಗೆ ಏನೂ ಆಗಲಿಲ್ಲ.

ಎಲ್ಲವೂ ಒಂದೇ ದಿನ

ಭೌತಶಾಸ್ತ್ರ ಕಲಿತವರಿಗೆ ಇಲ್ಲಿ ಮೊದಲು ಕಾಣಬೇಕಾದ ಸುಳಿವು ಯಾವುದು? ಎಲ್ಲ ಯಂತ್ರಗಳೂ ಒಂದೇ ದಿನ ನಿಂತದ್ದು. ವಸ್ತುಗಳು ಸವೆದು ಕೆಡುವಾಗ ಹಾಗೆ ಆಗುವುದಿಲ್ಲ. ಒಂದೇ ದಿನ ಕೊಂಡ ನೂರು ಬಲ್ಬುಗಳು ನೂರು ಬೇರೆ ಬೇರೆ ದಿನ ಉರಿದುಹೋಗುತ್ತವೆ. ಒಂದು ಯಂತ್ರ ಗೊತ್ತಾದ ಒಂದು ದಿನ ಕೆಡುವ ಸಂಭವನೀಯತೆ ಸಾವಿರಕ್ಕೆ ಒಂದು ಎಂದುಕೊಳ್ಳಿ. ಪರಸ್ಪರ ಸಂಬಂಧವಿಲ್ಲದ ಎರಡು ಯಂತ್ರಗಳು ಅದೇ ದಿನ ಕೆಡುವ ಸಂಭವನೀಯತೆ ಹತ್ತು ಲಕ್ಷಕ್ಕೆ ಒಂದು; ಮೂರಾದರೆ ನೂರು ಕೋಟಿಗೆ ಒಂದು. ಹಾಗಿದ್ದರೂ ಎಲ್ಲವೂ ಒಟ್ಟಿಗೆ ನಿಂತವು ಎಂದರೆ ಅವುಗಳ ನಡುವೆ ಏನೋ ಒಂದು ಸಮಾನವಾಗಿದೆ ಎಂದೇ ಅರ್ಥ. ಎಲ್ಲ ಯಂತ್ರಗಳಲ್ಲೂ ಅಕ್ಷರಶಃ ಒಂದೇ ಆಗಿರುವುದು ಅವುಗಳ ಆದೇಶಗಳು, ಅಂದರೆ ತಂತ್ರಾಂಶ. ಎಲ್ಲಕ್ಕೂ ಅಂದು ಒಂದೇ ಆಗಿದ್ದ ಇನ್ನೊಂದು ಅಂಶ ತಾರೀಖು. 2008 ಅಧಿಕ ವರ್ಷ. ಡಿಸೆಂಬರ್ 31 ಆ ವರ್ಷದ 366ನೆಯ ದಿನ.

ದಿನ ಎಣಿಸುವ ಬಗೆ

ಇಂತಹ ಯಂತ್ರದೊಳಗೆ ಒಂದು ಪುಟ್ಟ ಗಡಿಯಾರವಿರುತ್ತದೆ. ಕ್ವಾರ್ಟ್ಜ್ ಹರಳೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದು 2ರ 15ನೆಯ ಘಾತ. ಆದ್ದರಿಂದ ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡಿನ ಮಿಡಿತ ದೊರೆಯುತ್ತದೆ. 86,400 ಸೆಕೆಂಡುಗಳಾದಾಗ ದಿನಗಳ ಲೆಕ್ಕಕ್ಕೆ ಒಂದು ಸೇರುತ್ತದೆ. ಹರಳಿಗೆ ತಿಂಗಳೂ ಗೊತ್ತಿಲ್ಲ, ವರ್ಷವೂ ಗೊತ್ತಿಲ್ಲ. ಅದು ಕೊಡುವುದು ದಿನಗಳ ಒಂದು ಮೊತ್ತವನ್ನು ಮಾತ್ರ. ಆ ಮೊತ್ತವನ್ನು ವರ್ಷವಾಗಿ ಪರಿವರ್ತಿಸುವುದು ತಂತ್ರಾಂಶದ ಕೆಲಸ.

ಝೂನ್ 30ರಲ್ಲಿ ಈ ಗಡಿಯಾರ ಫ್ರೀಸ್ಕೇಲ್ ಕಂಪನಿಯ ಚಿಪ್ ಒಂದರೊಳಗಿತ್ತು. ಅದನ್ನು ಓದುವ ಚಾಲಕ ತಂತ್ರಾಂಶವೂ ಚಿಪ್ಪಿನ ಜೊತೆಗೇ ಬಂದದ್ದು. ಅದು ದಿನಗಳನ್ನು 1980ರ ಜನವರಿ 1ರಿಂದ ಎಣಿಸುತ್ತಿತ್ತು. ಅದರ ಕ್ರಮವಿಧಿಯನ್ನು ಹಲವರು ಓದಿ ತಪ್ಪನ್ನು ತೋರಿಸಿದ್ದಾರೆ. ಕನ್ನಡದಲ್ಲಿ ಹೇಳಿದರೆ ಅದು ಹೀಗಿದೆ:

1. ವರ್ಷವನ್ನು 1980 ಎಂದಿಟ್ಟುಕೊ.
2. ದಿನಗಳ ಸಂಖ್ಯೆ 365ಕ್ಕಿಂತ ಹೆಚ್ಚಾಗಿರುವ ತನಕ 3 ಮತ್ತು 4ನ್ನು ಮತ್ತೆ ಮತ್ತೆ ಮಾಡು.
3. ಈ ವರ್ಷ ಅಧಿಕ ವರ್ಷವಾಗಿದ್ದು, ದಿನಗಳ ಸಂಖ್ಯೆ 366ಕ್ಕಿಂತ ಹೆಚ್ಚಾಗಿದ್ದರೆ, 366 ಕಳೆದು ವರ್ಷಕ್ಕೆ 1 ಕೂಡಿಸು.
4. ಈ ವರ್ಷ ಅಧಿಕ ವರ್ಷವಲ್ಲದಿದ್ದರೆ, 365 ಕಳೆದು ವರ್ಷಕ್ಕೆ 1 ಕೂಡಿಸು.

ಮುಂದೆ ಓದುವ ಮೊದಲು ಒಂದು ನಿಮಿಷ ನಿಲ್ಲಿಸಿ, ತಪ್ಪು ಎಲ್ಲಿದೆ ಎಂದು ನೀವೇ ಹುಡುಕಿ. ಮೊದಲ ನೋಟಕ್ಕೆ ಕ್ರಮವಿಧಿ ಸರಿಯಾಗಿಯೇ ಕಾಣುತ್ತದೆ.

ಈಗ ಲೆಕ್ಕ ಹಾಕೋಣ. 1980ರಿಂದ 2007ರವರೆಗೆ 28 ವರ್ಷ. ಅವುಗಳಲ್ಲಿ 7 ಅಧಿಕ ವರ್ಷಗಳು. ಒಟ್ಟು 28 x 365 + 7 = 10,227 ದಿನಗಳು. 2008ರ ಡಿಸೆಂಬರ್ 30ರಂದು ಮೊತ್ತ 10,592. ಹಿಂದಿನ ವರ್ಷಗಳನ್ನೆಲ್ಲ ಕಳೆದರೆ ಉಳಿಯುವುದು 365. ಇದು 365ಕ್ಕಿಂತ ಹೆಚ್ಚಲ್ಲ. ಆದ್ದರಿಂದ ಆವರ್ತ ಮುಗಿಯುತ್ತದೆ, ಯಂತ್ರ ಹಾಡುತ್ತದೆ. ಡಿಸೆಂಬರ್ 31ರಂದು ಉಳಿಯುವುದು 366. ಇದು 365ಕ್ಕಿಂತ ಹೆಚ್ಚು. ಆದ್ದರಿಂದ ಆವರ್ತದಿಂದ ಹೊರಬರುವಂತಿಲ್ಲ. ವರ್ಷ ಅಧಿಕ ವರ್ಷ; ಆದರೆ 366 ಎಂಬುದು 366ಕ್ಕಿಂತ ಹೆಚ್ಚಲ್ಲ; ಆದ್ದರಿಂದ ಏನನ್ನೂ ಕಳೆಯುವಂತಿಲ್ಲ. ಮತ್ತೆ ಎರಡನೆಯ ಸಾಲಿಗೆ. ಅಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ಯಂತ್ರ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಎಣ್ಣೆ ಮಾತ್ರ ಬರುವುದಿಲ್ಲ. ಮರುದಿನ, ಜನವರಿ 1ರಂದು, ಉಳಿಯುವುದು 367. ಅದರಲ್ಲಿ 366 ಕಳೆದು 1 ಉಳಿಯುತ್ತದೆ. ವರ್ಷ 2009, ದಿನ 1. ಎಲ್ಲವೂ ಸರಿ.

"ತಾನಾಗಿ ಸರಿಹೋಗುತ್ತದೆ"

ಮೈಕ್ರೋಸಾಫ್ಟ್ ಅಂದು ಬಳಕೆದಾರರಿಗೆ ಹೇಳಿದ ಪರಿಹಾರದ ಸಾರಾಂಶ ಇಷ್ಟು: ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ, ಜನವರಿ 1ರಂದು ಗ್ರೀನಿಚ್ ಕಾಲಮಾನದ ಮಧ್ಯಾಹ್ನ 12ರ ನಂತರ ವಿದ್ಯುತ್ ಕೊಟ್ಟು ಚಾಲೂ ಮಾಡಿ. ಅಧಿಕ ವರ್ಷವನ್ನು ನಿಭಾಯಿಸುವುದರಲ್ಲಿ ಗಡಿಯಾರದ ಚಾಲಕ ತಂತ್ರಾಂಶ ತಪ್ಪಿದೆ ಎಂದು ಅದು ಒಪ್ಪಿಕೊಂಡಿತು. ಅದೇ ದಿನ ಇಷ್ಟು ನೇರವಾಗಿ ಕಾರಣ ಹೇಳಿದ್ದನ್ನು ಮೆಚ್ಚಬೇಕು. ಸಲಹೆಯೂ ತರ್ಕಬದ್ಧವೇ. ಗ್ರೀನಿಚ್‌ನಲ್ಲಿ ಮಧ್ಯಾಹ್ನವಾದಾಗ ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಗಿನ ಜಾವ 4 ಗಂಟೆ. ಹವಾಯಿಯಲ್ಲೂ 31 ದಾಟಿ 2 ಗಂಟೆಯಾಗಿರುತ್ತದೆ. ಗುಂಡಿಗಳಿಗೆ ಬಗ್ಗದ ಆವರ್ತವನ್ನು ನಿಲ್ಲಿಸಲು ವಿದ್ಯುತ್ ಕಡಿಯಬೇಕು. ಬ್ಯಾಟರಿಯನ್ನು ಬಳಕೆದಾರ ಸುಲಭವಾಗಿ ತೆಗೆಯುವಂತಿರಲಿಲ್ಲ. ಆದ್ದರಿಂದ ಅದು ಖಾಲಿಯಾಗಲು ಕಾಯುವುದೇ ದಾರಿ.

ಆದರೆ "ತಾನಾಗಿ ಸರಿಹೋಗುತ್ತದೆ" ಎಂಬ ಮಾತನ್ನು ವಿಜ್ಞಾನದ ವಿದ್ಯಾರ್ಥಿ ಹಾಗೆಯೇ ಒಪ್ಪಬಾರದು. ಜನವರಿ 1ರಂದು ಸರಿಹೋದದ್ದು ತಾರೀಖು, ಯಂತ್ರವಲ್ಲ. ತಪ್ಪು ಇದ್ದಲ್ಲಿಯೇ ಇತ್ತು, 2012ರ ಡಿಸೆಂಬರ್ 31ಕ್ಕಾಗಿ ಕಾಯುತ್ತಾ. ಜ್ವರ ಇಳಿದ ಮಾತ್ರಕ್ಕೆ ರೋಗ ಹೋಯಿತು ಎನ್ನುವುದಿಲ್ಲ, ಅಲ್ಲವೇ? ಮುಂದಿನ ಅಧಿಕ ವರ್ಷದೊಳಗೆ ತಂತ್ರಾಂಶವನ್ನು ತಿದ್ದುವುದಾಗಿ ಕಂಪನಿ ಹೇಳಿತು. ಝೂನ್ ಯಂತ್ರಗಳ ತಯಾರಿಕೆಯೇ 2011ರಲ್ಲಿ ನಿಂತುಹೋಯಿತು.

ಅಂದೇ ಒಂದು ಅಪ್‌ಡೇಟ್ ಕೊಟ್ಟು ಯಾಕೆ ಸರಿಪಡಿಸಲಿಲ್ಲ ಎಂದು ನೀವು ಕೇಳಬಹುದು. ಅಪ್‌ಡೇಟ್ ಎಂದರೆ ಯಂತ್ರದ ಸ್ಮೃತಿಯಲ್ಲಿ ಹಳೆಯ ಆದೇಶಗಳನ್ನು ಅಳಿಸಿ ಹೊಸದನ್ನು ಬರೆಯುವುದು. ಅದಕ್ಕೆ ಯಂತ್ರ ಚಾಲೂ ಆಗಿ, ಗಣಕದ ಜೊತೆ ಮಾತಾಡಿ, ಹೊಸ ಆದೇಶಗಳನ್ನು ಪಡೆಯಬೇಕು. ಏಳುವ ಹೊತ್ತಿಗೇ ಸಿಕ್ಕಿಬಿದ್ದ ಯಂತ್ರ ಈ ಯಾವ ಕೆಲಸವನ್ನೂ ಮಾಡಲಾರದು. ಔಷಧ ನುಂಗಬೇಕಾದ ಗಂಟಲೇ ಕಟ್ಟಿಕೊಂಡ ಹಾಗೆ. ಅಪ್‌ಡೇಟ್ ನಡೆಯುವಾಗ ವಿದ್ಯುತ್ ಹೋಗಿ ಯಂತ್ರ ಸತ್ತುಹೋಗುವುದಕ್ಕೂ ಇದೇ ಕಾರಣ: ಅರ್ಧ ಅಳಿದ ಆದೇಶಗಳಿಂದ ಯಂತ್ರ ಏಳಲಾರದು, ಏಳದೆ ಉಳಿದರ್ಧ ಪಡೆಯಲಾರದು. ಆದ್ದರಿಂದಲೇ ಒಳ್ಳೆಯ ವಿನ್ಯಾಸದಲ್ಲಿ ಯಾವ ಅಪ್‌ಡೇಟೂ ಮುಟ್ಟದ ಒಂದು ಸಣ್ಣ ಕ್ರಮವಿಧಿಯನ್ನು ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಉಳಿದದ್ದೆಲ್ಲ ಕೆಟ್ಟರೂ ಹೊಸ ಆದೇಶಗಳನ್ನು ತುಂಬಿಸಿಕೊಳ್ಳುವಷ್ಟು ಶಕ್ತಿ ಅದಕ್ಕಿದ್ದರೆ ಸಾಕು.

ಅಪ್‌ಡೇಟ್‌ಗಳು ಬಂದುಹೋದವು

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಝೂನ್ 30ಕ್ಕೆ 2007ರ ನವೆಂಬರ್, 2008ರ ಮೇ ಮತ್ತು 2008ರ ಸೆಪ್ಟೆಂಬರ್ ತಿಂಗಳುಗಳಲ್ಲಿ ದೊಡ್ಡ ಅಪ್‌ಡೇಟ್‌ಗಳು ಬಂದವು. ಸೆಪ್ಟೆಂಬರಿನದರಲ್ಲಿ ಆಟಗಳಿದ್ದವು; ಎಫ್.ಎಂ. ರೇಡಿಯೋದಲ್ಲಿ ಕೇಳಿದ ಹಾಡನ್ನು ಗುರುತಿಸಿ ಕೊಳ್ಳುವ ಸೌಲಭ್ಯವಿತ್ತು. ಪ್ರತಿ ಸಲವೂ ಯಂತ್ರಕ್ಕೆ ಹೊಸದೇನೋ ಸೇರಿತು. ಕೆಳಗಿನ ಗಡಿಯಾರದ ತಪ್ಪು ಮಾತ್ರ ಅಷ್ಟೂ ಅಪ್‌ಡೇಟ್‌ಗಳನ್ನು ದಾಟಿ ಹಾಗೆಯೇ ಉಳಿಯಿತು.

ಯಂತ್ರ ಮಾರುಕಟ್ಟೆಗೆ ಬಂದದ್ದು 2006ರ ಕೊನೆಯಲ್ಲಿ. ಬಳಕೆದಾರರ ಕೈಯಲ್ಲಿ ಅದು ಕಂಡ ಮೊದಲ 366ನೆಯ ದಿನವೇ 2008ರ ಡಿಸೆಂಬರ್ 31. ಎರಡು ವರ್ಷ ಚೆನ್ನಾಗಿ ನಡೆದದ್ದನ್ನು ಗುಣಮಟ್ಟದ ಸಾಕ್ಷಿ ಎಂದು ಭಾವಿಸುವುದು ಸಹಜ. ಆದರೆ ಆ ಎರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿಯೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಒಬ್ಬರು ಗಡಿಯಾರವನ್ನು 2004ರ ಡಿಸೆಂಬರ್ 31ಕ್ಕೆ ತಿರುಗಿಸಿ ಯಂತ್ರವನ್ನು ಚಾಲೂ ಮಾಡಿದ್ದರೆ ತಪ್ಪು ಕೂಡಲೇ ಬಯಲಾಗುತ್ತಿತ್ತು. ಚಿಪ್ ಮಾಡಿದವರು ತಮ್ಮ ಚಾಲಕವನ್ನು ಪರೀಕ್ಷಿಸಿರುತ್ತಾರೆ ಎಂದು ಯಂತ್ರ ಮಾಡಿದವರು ನಂಬಿದರು. ಯಂತ್ರ ಮಾಡಿದವರು ಪರೀಕ್ಷಿಸಿರುತ್ತಾರೆ ಎಂದು ಕೊಂಡವರು ನಂಬಿದರು. ಒಬ್ಬರ ಭಾಗವನ್ನು ಇನ್ನೊಬ್ಬರು ಜೋಡಿಸುವ ಇಂದಿನ ತಯಾರಿಕೆಯಲ್ಲಿ ಇಂತಹ ನಂಬಿಕೆಯ ಸರಪಳಿ ತಪ್ಪಿದ್ದಲ್ಲ. ಆದರೆ ಸರಪಳಿಯ ಕೊನೆಯಲ್ಲಿ ಹೆಸರು ಹಾಕಿ ಮಾರುವವರು ಪರೀಕ್ಷೆಯ ಹೊಣೆಯನ್ನು ಬೇರೆಯವರಿಗೆ ದಾಟಿಸುವಂತಿಲ್ಲ.

ಹನ್ನೆರಡು ವರ್ಷ ಹಿಂದಿನ ಪಾಠ

ಒಂದು ದಿನ ಹಾಡು ಕೇಳದಿದ್ದರೆ ಏನು ಮಹಾ ನಷ್ಟ ಎಂದು ಕೆಲವರು ಹೇಳಬಹುದು. ಸರಿ. ಆದರೆ ಇದೇ ಬಗೆಯ ತಪ್ಪು ಎಲ್ಲ ಕಡೆಯೂ ಇಷ್ಟು ನಿರುಪದ್ರವಿಯಾಗಿ ಇರುವುದಿಲ್ಲ. 1996 ಕೂಡ ಅಧಿಕ ವರ್ಷ. ಆ ವರ್ಷಾಂತ್ಯದ ಮಧ್ಯರಾತ್ರಿ ನ್ಯೂಜಿಲೆಂಡಿನ ಟಿವಾಯ್ ಪಾಯಿಂಟ್ ಅಲ್ಯೂಮಿನಿಯಂ ಕಾರ್ಖಾನೆಯ ನಿಯಂತ್ರಣ ಗಣಕಗಳು ಒಟ್ಟಿಗೆ ನಿಂತವು. ಅವುಗಳ ತಂತ್ರಾಂಶಕ್ಕೆ ವರ್ಷದ 366ನೆಯ ದಿನ ಗೊತ್ತಿರಲಿಲ್ಲ. ಅಲ್ಯೂಮಿನಿಯಂ ತಯಾರಿಸುವ ವಿದ್ಯುದ್ವಿಭಜನ ಕೋಶಗಳು ಸುಮಾರು 960 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲಸ ಮಾಡುತ್ತವೆ. ನಿಯಂತ್ರಣ ತಪ್ಪಿ ಕೆಲವು ಕೋಶಗಳು ಅತಿಯಾಗಿ ಕಾದು ಹಾಳಾದವು. ನಷ್ಟ ಹತ್ತು ಲಕ್ಷ ನ್ಯೂಜಿಲೆಂಡ್ ಡಾಲರಿಗೂ ಹೆಚ್ಚು. ಎರಡು ಗಂಟೆಗಳ ಬಳಿಕ ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಮಧ್ಯರಾತ್ರಿಯಾದಾಗ, ಅದೇ ತಂತ್ರಾಂಶ ಬಳಸುತ್ತಿದ್ದ ಬೆಲ್ ಬೇ ಕಾರ್ಖಾನೆಯಲ್ಲೂ ಅದೇ ಕಥೆ.

ಈ ಪಾಠ 2008ಕ್ಕೆ ಹನ್ನೆರಡು ವರ್ಷ ಮೊದಲೇ ದೊರೆತಿತ್ತು. ಝೂನ್ ಪ್ರಸಂಗದ ಬಳಿಕವಾದರೂ ಎಲ್ಲರೂ ಎಚ್ಚೆತ್ತರೇ? 2012ರ ಫೆಬ್ರವರಿ 29ರಂದು ಅದೇ ಮೈಕ್ರೋಸಾಫ್ಟ್‌ನ ಅಜೂರ್ ಗಣಕ ಸೇವೆ ಹಲವು ಗಂಟೆಗಳ ಕಾಲ ಅಸ್ತವ್ಯಸ್ತವಾಯಿತು. ಒಂದು ವರ್ಷ ಮಾನ್ಯವಾಗಿರಬೇಕಾದ ಪ್ರಮಾಣಪತ್ರಕ್ಕೆ ಕೊನೆಯ ದಿನಾಂಕ ಹಾಕಲು ತಂತ್ರಾಂಶ ಅಂದಿನ ವರ್ಷಕ್ಕೆ 1 ಕೂಡಿಸಿತ್ತು. ಬಂದ ಉತ್ತರ 2013ರ ಫೆಬ್ರವರಿ 29. ಅಂತಹ ದಿನವೇ ಇಲ್ಲ!

ನಮ್ಮ ಪ್ರಯೋಗಾಲಯಗಳಲ್ಲಿ

ಇಷ್ಟು ಹೇಳಿ ಕಂಪನಿಗಳನ್ನು ದೂರಿ ಮುಗಿಸಿದರೆ ಅರ್ಧ ಮಾತು ಮಾತ್ರ ಹೇಳಿದಂತೆ. ಅಧಿಕ ವರ್ಷವನ್ನು ಕಂಡುಹಿಡಿಯುವ ಕ್ರಮವಿಧಿಯನ್ನು ನಮ್ಮ ವಿದ್ಯಾರ್ಥಿಗಳೂ ಬರೆಯುತ್ತಾರೆ. 4ರಿಂದ ಭಾಗವಾಗಬೇಕು, 100ರಿಂದ ಆಗಬಾರದು, 400ರಿಂದ ಆದರೆ ಆಗಬಹುದು ಎಂಬ ನಿಯಮ ಅವರಿಗೆ ಬಾಯಿಪಾಠ. ಒಂದು ವರ್ಷ ಕೊಟ್ಟು, ಸರಿಯಾದ ಉತ್ತರ ಬಂದರೆ, ರೆಕಾರ್ಡ್ ಪುಸ್ತಕಕ್ಕೆ ನಮ್ಮ ಸಹಿ ಬೀಳುತ್ತದೆ. ಝೂನ್‌ನ ಕ್ರಮವಿಧಿಯನ್ನು ಇದೇ ರೀತಿ ಪರೀಕ್ಷಿಸಿದ್ದರೆ ಅದಕ್ಕೂ ನಾವು ಪೂರ್ಣಾಂಕವನ್ನೇ ಕೊಡುತ್ತಿದ್ದೆವು. ಅದು ಅಧಿಕ ವರ್ಷವನ್ನು ಗುರುತಿಸುವುದರಲ್ಲಿ ತಪ್ಪಲಿಲ್ಲ, ಅದರ ಕೊನೆಯ ದಿನದಲ್ಲಿ ತಪ್ಪಿತು.

ಭೌತಶಾಸ್ತ್ರದಲ್ಲಿ ನಾವು ಹೀಗೆ ಮಾಡುವುದಿಲ್ಲ. ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಬಂದ ಕೂಡಲೇ ದವಡೆಗಳನ್ನು ಮುಚ್ಚಿ ಶೂನ್ಯ ದೋಷ ನೋಡುತ್ತೇವೆ. ಉಷ್ಣತಾಮಾಪಕವನ್ನು ಕರಗುವ ಮಂಜುಗಡ್ಡೆಯಲ್ಲೂ ಕುದಿಯುವ ನೀರಿನ ಹಬೆಯಲ್ಲೂ ಇಟ್ಟು ಪರೀಕ್ಷಿಸುತ್ತೇವೆ. ಅಳತೆಯ ಅಂಚುಗಳಲ್ಲಿ ನಂಬಿಕೆ ಬಂದ ಮೇಲೆಯೇ ನಡುವಿನದನ್ನು ನಂಬುವುದು. ಕ್ರಮವಿಧಿಗೂ ಇದೇ ನ್ಯಾಯ ಸಲ್ಲಬೇಕು.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ಎರಡು ಸಲಹೆಗಳು. ಒಂದು, ಪ್ರತಿ ಕ್ರಮವಿಧಿಯನ್ನೂ ಅಂಚಿನ ಬೆಲೆಗಳಲ್ಲಿ ಪರೀಕ್ಷಿಸಿದ ಮೇಲೆಯೇ ಸಹಿ ಹಾಕಿ. ಮೇಲಿನ ಉದಾಹರಣೆಯಲ್ಲಿ 365, 366, 367 ಎಂಬ ಮೂರೇ ಬೆಲೆಗಳು ಸಾಕಾಗಿದ್ದವು. ಎರಡು, ಆವರ್ತ ಕಂಡಲ್ಲೆಲ್ಲ ಒಂದು ಪ್ರಶ್ನೆ ಕೇಳಿ: ಪ್ರತಿ ಸುತ್ತಿನಲ್ಲಿ ಯಾವ ಪರಿಮಾಣ ಕಡಿಮೆಯಾಗುತ್ತಿದೆ? ಯಾವುದಾದರೂ ಒಂದು ದಾರಿಯಲ್ಲಿ ಏನೂ ಕಡಿಮೆಯಾಗದೆ ಸುತ್ತು ಮುಗಿಯುವಂತಿದ್ದರೆ ಆ ಆವರ್ತ ಎಂದಾದರೊಂದು ದಿನ ನಿಲ್ಲದೆ ತಿರುಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮೇಲಿನ ನಾಲ್ಕು ಸಾಲುಗಳನ್ನು ನಿಮಗೆ ಗೊತ್ತಿರುವ ಭಾಷೆಯಲ್ಲಿ ಬರೆದು, 10,593 ಎಂಬ ಬೆಲೆ ಕೊಟ್ಟು ಗಣಕ ನಿಂತುಹೋಗುವುದನ್ನು ಕಣ್ಣಾರೆ ನೋಡಿ. ಆಮೇಲೆ ಅದನ್ನು ತಿದ್ದಿ. ಒಂದೇ ಸಾಲು ಸೇರಿಸಿದರೆ ಸಾಕು. ತಿದ್ದಿದ ಮೇಲೆ ಮತ್ತೆ ಆ ಮೂರು ಬೆಲೆಗಳಲ್ಲಿ ಪರೀಕ್ಷಿಸುವುದನ್ನು ಮರೆಯಬೇಡಿ. ನೀವು ಮಾಡಿದ್ದೂ ಒಂದು ಅಪ್‌ಡೇಟ್ ತಾನೇ!